ಕೈಬಿಟ್ಟರೂ ಹಾರುವ ವಿಮಾನ: ಹಳೆಯ ನಕ್ಷೆಗಳ ರಸಿಕರಿಗೊಂದು ಕೈಪಿಡಿ

ಕೊಯ್ಲು ಮುಗಿದ ಗದ್ದೆಯ ಬಯಲಿನಲ್ಲಿ ರೇಡಿಯೋ ನಿಯಂತ್ರಣದ ಪುಟ್ಟ ವಿಮಾನವೊಂದು ಹಾರುವುದನ್ನು ಮೊತ್ತಮೊದಲು ನೋಡುವವನ ದೃಷ್ಟಿಯು ಸಹಜವಾಗಿಯೇ ಅದರ ವೇಗದ ಮೇಲೆ, ಬಣ್ಣದ ಮೇಲೆ, ಅದು ಗಾಳಿಯಲ್ಲಿ ಹಾಕುವ ಲಾಗದ ಮೇಲೆ ನೆಲೆಸುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ 1930ರಿಂದ 1955ರವರೆಗಿನ ಕಾಲು ಶತಮಾನದಲ್ಲಿ ರಚಿತವಾದ ನಕ್ಷೆಗಳನ್ನು ಮುಂದಿಟ್ಟುಕೊಂಡು, ಕಡ್ಡಿಗೆ ಕಡ್ಡಿ ಜೋಡಿಸಿ, ಕಾಗದವನ್ನೋ ರೇಷ್ಮೆಯನ್ನೋ ಹೊದಿಸಿ ಇಂದಿನವರು ಕಟ್ಟುವ ಮಾದರಿ ವಿಮಾನಗಳು ಆ ಬಗೆಯ ನೋಟಕ್ಕೆ ತಮ್ಮ ಸಾರವನ್ನು ಬಿಟ್ಟುಕೊಡುವುದಿಲ್ಲ. ಅವು ಮೆಲ್ಲಗೆ ಹಾರುತ್ತವೆ, ವಿಶಾಲವಾದ ವೃತ್ತಗಳಲ್ಲಿ ತಿರುಗುತ್ತವೆ, ಲಾಗ ಹಾಕುವ ಇಚ್ಛೆಯನ್ನೇ ತೋರುವುದಿಲ್ಲ. ಹಾರಿಸುವವನು ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಕೋಲನ್ನು ಮುಟ್ಟದೆ ಸುಮ್ಮನೆ ನಿಂತಾಗ ವಿಮಾನವು ತನ್ನಷ್ಟಕ್ಕೆ ತಾನೇ ಸಮತೋಲವನ್ನು ಕಾಯ್ದುಕೊಂಡು ಸಾಗುವುದುಂಟಲ್ಲ, ಆ ಒಂದು ಗುಣದಲ್ಲಿಯೇ ಇವುಗಳ ಸೌಂದರ್ಯವೆಲ್ಲ ಅಡಗಿದೆ. ಇವನ್ನು ಆಸ್ವಾದಿಸಬೇಕೆನ್ನುವವನು ಆ ಗುಣವು ನಕ್ಷೆಯ ಗೆರೆಯಲ್ಲಿ ಎಲ್ಲಿ ಹುಟ್ಟುತ್ತದೆ, ಮರದಲ್ಲಿ ಹೇಗೆ ಉಳಿಯುತ್ತದೆ, ಗಾಳಿಯಲ್ಲಿ ಹೇಗೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಅರಿಯತಕ್ಕುದು.

ಕುಂದಾಪುರದವರಿಗೆ ಈ ಮಾತನ್ನು ತಿಳಿಸಲು ಉಪ್ಪಿನಕುದ್ರುವಿನ ಗೊಂಬೆಯಾಟಕ್ಕಿಂತ ಸಮೀಪದ ದೃಷ್ಟಾಂತ ನನಗೆ ತೋರುವುದಿಲ್ಲ. ಕೊಗ್ಗ ಕಾಮತರ ಮನೆತನವು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಆ ಯಕ್ಷಗಾನ ಗೊಂಬೆಗಳಲ್ಲಿ ಸೂತ್ರಧಾರನ ಬೆರಳು ಕ್ಷಣಮಾತ್ರವೂ ವಿರಮಿಸುವಂತಿಲ್ಲ. ದಾರ ಸಡಿಲಾದೊಡನೆ ಕಿರೀಟ ಹೊತ್ತ ರಾಜನೂ ಕುಸಿಯುತ್ತಾನೆ, ಅಲ್ಲಿಯ ಕಲೆಯೆಲ್ಲ ಆ ಅವಿರತವಾದ ಹಿಡಿತದಲ್ಲಿದೆ. ಹಳೆಯ ನಕ್ಷೆಯ ವಿಮಾನವಾದರೋ ಇದಕ್ಕೆ ತೀರ ವಿಪರೀತವಾದುದು. ಸೂತ್ರವನ್ನು ಬಿಟ್ಟಾಗಲೇ ಅದರ ನಿಜವಾದ ನಡೆ ಗೊತ್ತಾಗುವುದು. ಅದನ್ನು ಕಲ್ಪಿಸಿದವನ ಮನಸ್ಸಿನಲ್ಲಿ ಸೂತ್ರವೇ ಇರಲಿಲ್ಲ.

ಇದಕ್ಕೆ ಕಾರಣ ಚರಿತ್ರೆಯಲ್ಲಿದೆ. ಫ್ರಾನ್ಸಿನ ಆಲ್ಫೋನ್ಸ್ ಪೆನೋ ಎಂಬ ತರುಣನು 1871ರಲ್ಲಿ ಪ್ಯಾರಿಸಿನ ತ್ವಿಲರೀ ಉದ್ಯಾನದಲ್ಲಿ, ತಿರುಚಿದ ರಬ್ಬರಿನ ಬಲದಿಂದ ಪಂಖ ತಿರುಗುವ ಚಿಕ್ಕ ಮಾದರಿಯೊಂದನ್ನು ಹಾರಿಬಿಟ್ಟಾಗ ಅದು 11 ಸೆಕೆಂಡುಗಳಲ್ಲಿ ಸುಮಾರು 40 ಮೀಟರು ಸಾಗಿತು. ರೆಕ್ಕೆಗಿಂತ ಬಾಲವನ್ನು ತುಸು ಇಳಿಮುಖವಾದ ಕೋನದಲ್ಲಿ ಇರಿಸಿ, ರೆಕ್ಕೆಯ ತುದಿಗಳನ್ನು ಮೇಲಕ್ಕೆ ಬಾಗಿಸಿ, ಮನುಷ್ಯನ ನೆರವಿಲ್ಲದೆ ನೆಲೆ ನಿಲ್ಲುವ ವಿಮಾನವನ್ನು ಅವನು ತೋರಿಸಿಕೊಟ್ಟನು. ಅರುವತ್ತು ವರುಷಗಳ ತರುವಾಯ ಅಮೆರಿಕೆಯಲ್ಲಿ ಬಿಲ್ ಬ್ರೌನ್ ನಿರ್ಮಿಸಿದ ಬ್ರೌನ್ ಜೂನಿಯರ್ ಎಂಬ ಪೆಟ್ರೋಲ್ ಇಂಜಿನು ಮಾರಾಟಕ್ಕೆ ಬಂದ ಮೇಲೆ ಆರೆಂಟು ಅಡಿ ರೆಕ್ಕೆಯ ಮಾದರಿಗಳು ಮೇಲೇರತೊಡಗಿದವು. ಆದರೆ ಅವೂ ಸ್ವತಂತ್ರ ಹಾರಾಟದವೇ. ನಿಯಮಿತವಾದ ಅಲ್ಪ ಕಾಲ ಇಂಜಿನು ಓಡಿ ನಿಂತುಹೋಗುವುದು, ಅನಂತರ ವಿಮಾನವು ಸುತ್ತು ಸುತ್ತಾಗಿ ತೇಲುತ್ತ ಇಳಿಯುವುದು, ಕಟ್ಟಿದವನು ಅದರ ಹಿಂದೆ ಹೊಲ ಬೇಲಿಗಳನ್ನು ದಾಟಿ ಓಡುವುದು, ಇದೇ ಆಗಿನ ಕ್ರಮ. 1937ರಲ್ಲಿ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರು ಮಿಷಿಗನ್ನಿನ ಕಲಮಜೂ ಊರಿನಲ್ಲಿ ‘ಗಫ್’ ಎಂಬ ತಮ್ಮ ಎಂಟಡಿಯ ವಿಮಾನವನ್ನು ರೇಡಿಯೋದಿಂದ ಹಾರಿಸಿದರು. ಆ ವಿಮಾನ ಇಂದು ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಅದೇ ವರುಷ ಡೆಟ್ರಾಯಿಟಿನಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆಯ ರೇಡಿಯೋ ವಿಭಾಗದಲ್ಲಿ ಗೆದ್ದವನು ಚೆಸ್ಟರ್ ಲಾಂಜೊ.

ಆ ಕಾಲದ ರೇಡಿಯೋ ಎಂದರೆ ಎಷ್ಟು ಅಲ್ಪವಾದ ಅಧಿಕಾರ! ವಾಲ್ವುಗಳ ರಿಸೀವರು, ಅದಕ್ಕೆ ಭಾರವಾದ ಬ್ಯಾಟರಿಗಳು, ಇಷ್ಟೆಲ್ಲ ಹೊತ್ತ ವಿಮಾನಕ್ಕೆ ನೆಲದಿಂದ ಕಳುಹಿಸಬಹುದಾದುದು ಒಂದೇ ಸಂಜ್ಞೆ. ತಿರುಚಿದ ರಬ್ಬರಿನಿಂದ ನಡೆಯುವ ಹಲ್ಲುಗಾಲಿಯೊಂದು ಆ ಸಂಜ್ಞೆ ಬಂದಾಗಲೊಮ್ಮೆ ಒಂದು ಹೆಜ್ಜೆ ಸರಿದು ಚುಕ್ಕಾಣಿಯನ್ನು ಎಡಕ್ಕೋ ಬಲಕ್ಕೋ ಪೂರ್ತಿಯಾಗಿ ತಿರುಗಿಸುತ್ತಿತ್ತು; ಏರಿಸುವ ಇಳಿಸುವ ಮಾತೇ ಇಲ್ಲ. ಇಂತಹ ಒರಟು ಆಜ್ಞೆಗಳ ನಡುವೆ ವಿಮಾನವು ಬದುಕಬೇಕಾಗಿದ್ದರೆ ಅದು ತಾನಾಗಿಯೇ ಸಮಸ್ಥಿತಿಗೆ ಮರಳುವಂತಹುದಾಗಿರಬೇಕಾಗಿತ್ತು. ಇಂಗ್ಲೆಂಡಿನ ‘ರೇಡಿಯೋ ಕ್ವೀನ್’ 1954ರಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟಿತೆಂಬುದನ್ನು ಓದುವಾಗ ಹಾರಿಸಿದವರ ಧೈರ್ಯವನ್ನು ಮೆಚ್ಚುವಂತೆಯೇ, ಅವರ ಆಜ್ಞೆಯಿಲ್ಲದ ನಿಮಿಷಗಳಲ್ಲಿ ನೆಟ್ಟಗೆ ಹಾರಿದ ಆ ರೆಕ್ಕೆಯನ್ನೂ ಮೆಚ್ಚಬೇಕು.

ನಮ್ಮ ಕರ್ನಾಟಕಕ್ಕೂ ಈ ವಿದ್ಯೆಗೂ ನಂಟು ಇಲ್ಲದಿಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿತವಾಯಿತು. ವಿಷ್ಣು ಮಾಧವ ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತು. 1958ರ ಸೆಪ್ಟೆಂಬರಿನಲ್ಲಿ ‘ಪುಷ್ಪಕ್’ ಹಾರಿತು. ಎತ್ತರದಲ್ಲಿ ರೆಕ್ಕೆಯಿದ್ದು, ಬಟ್ಟೆ ಹೊದಿಸಿದ ಮೈಯುಳ್ಳ, ಇಬ್ಬರು ಕೂರಬಲ್ಲ ಈ ಪುಷ್ಪಕ್ ನಮ್ಮ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಎಷ್ಟೋ ಮಂದಿಗೆ ಹಾರಲು ಕಲಿಸಿತು. ಅದರ ರೆಕ್ಕೆಯ ಉದ್ದ 36 ಅಡಿ. ಆರರಲ್ಲೊಂದು ಪಾಲಿಗೆ ಇಳಿಸಿದರೆ ಆರು ಅಡಿಯ ಸೊಗಸಾದ ಮಾದರಿಯಾಗುತ್ತದೆ. ಕನ್ನಡ ನಾಡಿನಲ್ಲಿ ಹುಟ್ಟಿದ ವಿಮಾನವನ್ನೇ ಕಟ್ಟಬೇಕೆಂಬ ಅಭಿಮಾನಿಗೆ ನಾನು ಮೊದಲು ಸೂಚಿಸುವುದು ಇದನ್ನೇ, ಎಚ್‌ಟಿ-2 ಅನ್ನು ಅಲ್ಲ. ರೆಕ್ಕೆ ಕೆಳಗಿರುವ ವಿಮಾನವು ಹೊಸಬನ ಕೈಯಲ್ಲಿ ಅಷ್ಟು ಸಾಧುವಾಗಿರದು. ಎನ್‌ಸಿಸಿಯ ವಾಯುದಳದ ವಿದ್ಯಾರ್ಥಿಗಳಿಗೆ ಮಾದರಿ ವಿಮಾನ ಕಟ್ಟುವುದು ಶಿಕ್ಷಣದ ಅಂಗವೇ ಆಗಿದೆ. ಮಣಿಪಾಲದ ತಾಂತ್ರಿಕ ವಿದ್ಯಾಲಯದಲ್ಲಿ ಏರೋಎಂಐಟಿ ಎಂಬ ವಿದ್ಯಾರ್ಥಿ ತಂಡ ತನ್ನದೇ ವಿನ್ಯಾಸದ ವಿಮಾನಗಳನ್ನು ರಚಿಸುತ್ತದೆ. 1936ರಷ್ಟು ಹಿಂದೆಯೇ ಕನ್ನಡದ ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ಬರೆದುಕೊಟ್ಟ ಶಿವರಾಮ ಕಾರಂತರು ಹುಟ್ಟಿದ ಕೋಟ ಇಂದಿನ ಬ್ರಹ್ಮಾವರ ತಾಲೂಕಿನಲ್ಲಿಯೇ ಇದೆ, ಲೋಕದ ಯಂತ್ರಗಳನ್ನು ಬಿಚ್ಚಿ ನೋಡುವ ಕುತೂಹಲ ಈ ಕರಾವಳಿಗೆ ಹೊಸದಲ್ಲ.

ಇನ್ನು ನಕ್ಷೆಯ ಮಾತು. ಅಮೆರಿಕೆಯ ‘ಮಾಡೆಲ್ ಏರ್‌ಪ್ಲೇನ್ ನ್ಯೂಸ್’ 1929ರಲ್ಲಿ, ಇಂಗ್ಲೆಂಡಿನ ‘ಏರೋಮಾಡೆಲರ್’ 1935ರಲ್ಲಿ ಆರಂಭವಾದವು. ಇಂತಹ ಪತ್ರಿಕೆಗಳೊಡನೆ ಬಂದ ನಕ್ಷೆಗಳ ಛಾಯಾಪ್ರತಿಗಳು ಇಂದು ಸುಲಭವಾಗಿ ದೊರೆಯುತ್ತವೆ. ಹೊಸಬನ ಕಣ್ಣಿಗೆ ಅಂತಹ ಹಾಳೆಯು ಗೆರೆಗಳ ಗೊಂಡಾರಣ್ಯವಾಗಿ ಕಾಣುತ್ತದೆ, ಏಕೆಂದರೆ ಕಾಗದದ ಮಿತವ್ಯಯಕ್ಕಾಗಿ ಒಡಲಿನ ಪಾರ್ಶ್ವನೋಟದ ಮೇಲೆಯೇ ಬಾಲವನ್ನೂ, ಅದರ ಸಂದಿಯಲ್ಲಿ ರೆಕ್ಕೆಯ ಅಡ್ಡಪಟ್ಟಿಗಳಾದ ರಿಬ್ಬುಗಳ ಆಕಾರವನ್ನೂ, ಮೂಲೆಯಲ್ಲಿ ಚಕ್ರದ ತಂತಿಯ ಬಾಗುವಿಕೆಯನ್ನೂ ಬರೆದಿರುತ್ತಾರೆ. ರೆಕ್ಕೆಯಂತೂ ಅರ್ಧವೇ ಇರುತ್ತದೆ. ಇನ್ನೊಂದು ಅರ್ಧ ಬೇಕಾದರೆ ಕಾಗದಕ್ಕೆ ಎಣ್ಣೆ ಸವರಿ, ಅದು ಪಾರದರ್ಶಕವಾದ ಮೇಲೆ ಮಗುಚಿ ಹಾಕಿ, ಹಿಂಬದಿಯಲ್ಲಿ ಕಾಣುವ ಗೆರೆಯ ಮೇಲೆಯೇ ಕಟ್ಟಬೇಕು. ನಕ್ಷೆಯನ್ನು ಹಲಗೆಯ ಮೇಲೆ ಹಾಸಿ, ಅಂಟು ತಾಗದಂತೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಿ, ಗೆರೆಯ ಮೇಲೆಯೇ ಕಡ್ಡಿಯನ್ನಿಟ್ಟು ಗುಂಡುಸೂಜಿಗಳಿಂದ ಬಂಧಿಸಿ ಅಂಟಿಸುತ್ತಾರೆ. ಒಡಲಿನ ಒಂದು ಪಕ್ಕವನ್ನು ಕಟ್ಟಿದ ಮೇಲೆ ಅದನ್ನು ತೆಗೆಯದೆ ಅದರ ಮೇಲೆಯೇ ಎರಡನೆಯ ಪಕ್ಕವನ್ನು ಕಟ್ಟುತ್ತಾರೆ, ಎರಡೂ ಒಂದೇ ಅಚ್ಚಿನಂತಾಗುವುದಕ್ಕೆ ಬೇರೆ ಉಪಾಯವಿಲ್ಲ. ಹೀಗೆ ಇಲ್ಲಿ ಚಿತ್ರವೇ ಅಚ್ಚು. ಒಂದಕ್ಕೆ ಒಂದರ ಅಳತೆಯಲ್ಲಿ ಗೆರೆಯು ವಸ್ತುವಾಗುತ್ತದೆ.

ನಕ್ಷೆಯನ್ನು ನೋಡುವ ರಸಿಕನು ಮೂರು ಕಡೆ ಕಣ್ಣು ನಿಲ್ಲಿಸಲಿ. ರೆಕ್ಕೆಯ ಕೋನಕ್ಕೂ ಬಾಲದ ಕೋನಕ್ಕೂ ಇರುವ ವ್ಯತ್ಯಾಸ ಮೊದಲನೆಯದು: ಮೂಗು ತಗ್ಗಿ ವೇಗ ಹೆಚ್ಚಿದಾಗ ವಿಮಾನವು ತಾನಾಗಿ ಮೂಗೆತ್ತುವುದೂ, ಮೂಗು ಹೆಚ್ಚಾಗಿ ಎದ್ದಾಗ ತಾನಾಗಿ ತಗ್ಗಿಸುವುದೂ ಈ ಎರಡು ಮೂರು ಡಿಗ್ರಿಗಳ ಪುಣ್ಯದಿಂದ. ರೆಕ್ಕೆಯ ತುದಿಗಳ ಕೆಳಗೆ ಇಷ್ಟು ಅಂಗುಲದ ಆಸರೆ ಕೊಡಿ ಎಂದು ಬರೆದಿರುವ ಟಿಪ್ಪಣಿ ಎರಡನೆಯದು. ಒಂದು ರೆಕ್ಕೆ ತಗ್ಗಿದಾಗ ವಿಮಾನವು ಆ ಬದಿಗೆ ಜಾರತೊಡಗುತ್ತದೆ, ಜಾರಿದಾಗ ತಗ್ಗಿದ ರೆಕ್ಕೆಯೇ ಗಾಳಿಯನ್ನು ಹೆಚ್ಚಿನ ಕೋನದಲ್ಲಿ ಎದುರಿಸಿ ಮೇಲೇಳುತ್ತದೆ, ಇದು ಆ ಆಸರೆಯ ಫಲ. ಗುರುತ್ವಕೇಂದ್ರದ ಗುರುತು ಮೂರನೆಯದು. ಸ್ವತಂತ್ರ ಹಾರಾಟದ ನಕ್ಷೆಗಳಲ್ಲಿ ಬಾಲವೂ ಭಾರವನ್ನು ಹೊರುವಂತಹುದಾದ ಕಾರಣ ಈ ಗುರುತು ಬಹಳ ಹಿಂದೆ ಇರುವುದುಂಟು. ರೇಡಿಯೋ ಹಾಕುವವನು ಅದನ್ನು ತುಸು ಮುಂದಕ್ಕೆ ಸರಿಸುವುದು ವಿವೇಕ.

ನಕ್ಷೆಯನ್ನು ಮುದ್ರಿಸಿ ತಂದವನು ಮೊದಲು ಸ್ಕೇಲು ಹಿಡಿದು ಅಳೆಯಬೇಕು. ಅರುವತ್ತು ಅಂಗುಲದ ರೆಕ್ಕೆಯಲ್ಲಿ ಶೇಕಡಾ 2ರ ತಪ್ಪು ಎಂದರೆ 30 ಮಿಲಿಮೀಟರು. ಇದಲ್ಲದೆ ಆ ಕಾಲದ ಅಳತೆಯೆಲ್ಲ ಅಂಗುಲದ ಭಿನ್ನರಾಶಿಗಳಲ್ಲಿದೆ, ಇಂದು ನಮಗೆ ಸಿಗುವ ಹಲಗೆಗಳು ಮಿಲಿಮೀಟರಿನವು. ಕಾಲಂಗುಲದ ಕಡ್ಡಿಗೆ ಬರೆದ 6.35 ಮಿಲಿಮೀಟರಿನ ಕಚ್ಚಿನಲ್ಲಿ 6 ಮಿಲಿಮೀಟರಿನ ಕಡ್ಡಿ ಅಲುಗಾಡುತ್ತದೆ. ಸಂದಿಗೆ ಅಂಟನ್ನು ತುಂಬಿ ಮುಚ್ಚಿದವನ ಕೆಲಸವನ್ನೂ, ರಿಬ್ಬಿನ ಕಚ್ಚನ್ನೇ ಕಡ್ಡಿಗೆ ತಕ್ಕಂತೆ ಕತ್ತರಿಸಿಕೊಂಡವನ ಕೆಲಸವನ್ನೂ ಬೇರ್ಪಡಿಸಿ ಗುರುತಿಸುವ ಕಣ್ಣು ಬಂದರೆ ರಸಿಕತೆಯ ಅರ್ಧ ದಾರಿ ನಡೆದಂತಾಯಿತು.

ಮರದ ವಿಷಯದಲ್ಲಿ ನಾನು ತುಸು ದೀರ್ಘವಾಗಿ ಹೇಳಬಯಸುತ್ತೇನೆ, ಏಕೆಂದರೆ ನೋಡುವವರು ಇದನ್ನೇ ಕಡೆಗಣಿಸುತ್ತಾರೆ. ಬಾಲ್ಸಾ ದಕ್ಷಿಣ ಅಮೆರಿಕದ ಮರ, ಹೆಚ್ಚಿನದು ಇಕ್ವೆಡಾರ್ ದೇಶದಿಂದ ಬರುತ್ತದೆ. ಆದರೂ ಕುಲದಲ್ಲಿ ಅದು ನಮ್ಮ ಗುಡ್ಡಗಳಲ್ಲಿ ಕೆಂಪು ಹೂ ಬಿಟ್ಟು ಹತ್ತಿ ಹಾರಿಸುವ ಬೂರುಗದ ಹತ್ತಿರದ ಸಂಬಂಧಿ. ಒಂದೇ ಕಟ್ಟಿನಲ್ಲಿ ಬಂದ ಬಾಲ್ಸಾ ಹಲಗೆಗಳಲ್ಲಿ ಒಂದು ಇನ್ನೊಂದಕ್ಕಿಂತ ಇಮ್ಮಡಿ ಭಾರವಿರುವುದು ಅಪೂರ್ವವಲ್ಲ. ಘನಮೀಟರಿಗೆ 100 ಕಿಲೋಗ್ರಾಂ ತೂಗುವುದೂ ಉಂಟು, 200 ತೂಗುವುದೂ ಉಂಟು. ಬಲ್ಲವನು ಪ್ರತಿಯೊಂದು ಹಲಗೆಯನ್ನೂ ತೂಗಿ ನೋಡಿ, ಗಟ್ಟಿಯಾದುದನ್ನು ರೆಕ್ಕೆಯ ಉದ್ದಕ್ಕೂ ಹಾಯುವ ಸ್ಪಾರಿಗೂ, ಹಗುರವಾದುದನ್ನು ಬಾಲಕ್ಕೂ ಮೀಸಲಿಡುತ್ತಾನೆ, ಏಕೆಂದರೆ ಬಾಲದಲ್ಲಿ ಕೂಡಿದ ಒಂದು ಗ್ರಾಂ ಮೂಗಿನಲ್ಲಿ ಹಲವು ಗ್ರಾಂ ಸೀಸವನ್ನು ಬೇಡುತ್ತದೆ. ಹಲಗೆಯನ್ನು ದಿಮ್ಮಿಯಿಂದ ಸೀಳಿದ ದಿಕ್ಕೂ ಮುಖ್ಯ. ಮೇಲ್ಮೈಯಲ್ಲಿ ಮಿನುಗುವ ಚುಕ್ಕೆಗಳ ಚಿತ್ತಾರವಿದ್ದರೆ ಅದು ತಿರುಳಿನಿಂದ ತೊಗಟೆಯ ಕಡೆಗೆ ಸೀಳಿದ ಹಲಗೆ, ಅಡ್ಡಲಾಗಿ ಬಾಗದು, ರಿಬ್ಬಿಗೆ ಯೋಗ್ಯ. ಉದ್ದನೆಯ ನಾರಿನ ಗೆರೆಗಳಷ್ಟೇ ಕಂಡರೆ ಅದು ವರ್ಷವಲಯಗಳಿಗೆ ಸ್ಪರ್ಶರೇಖೆಯಾಗಿ ಸೀಳಿದುದು, ಸುಲಭವಾಗಿ ಸುರುಳಿಯಾಗುತ್ತದೆ, ರೆಕ್ಕೆಯ ದುಂಡು ಮುಂಚೂಣಿಗೆ ಹೊದಿಸಲು ಯೋಗ್ಯ. ಸ್ಪ್ರೂಸ್ ಎಂದು ನಕ್ಷೆಯಲ್ಲಿ ಬರೆದಿರುವಲ್ಲಿ ಸೀಳಿ ಹೆರೆದ ಬಿದಿರನ್ನು ಬಳಸಿದರೆ ನಾನು ಅದನ್ನು ದೋಷವೆನ್ನೆನು.

ಆದುದರಿಂದ ಇಂತಹ ವಿಮಾನವನ್ನು ನೋಡಲು ಅತ್ಯುತ್ತಮವಾದ ಮುಹೂರ್ತವು ಹೊದಿಕೆ ಹಾಕುವುದಕ್ಕೆ ಮುಂಚಿನದು. ಬರಿಯ ಎಲುಬುಗೂಡಿನಂತಿರುವ ರೆಕ್ಕೆಯನ್ನು ಕಟ್ಟಿದವನ ಅಪ್ಪಣೆ ಪಡೆದು ಕೈಚಾಚಿ ಹಿಡಿದು, ಹಿಂದಿನ ಅಂಚಿನಿಂದ ಕಣ್ಣು ಹಾಯಿಸಿರಿ: ಮುಂದಿನ ಅಂಚೂ ಹಿಂದಿನ ಅಂಚೂ ಬುಡದಿಂದ ತುದಿಯವರೆಗೆ ಸಮಾನಾಂತರವಾಗಿ ಸಾಗಬೇಕು, ತುದಿಯಲ್ಲಿ ಮಾತ್ರ ಹಿಂದಿನ ಅಂಚು ಕೂದಲೆಳೆಯಷ್ಟು ಮೇಲೆದ್ದಿದ್ದರೆ ಒಳಿತು. ಹಾಗೆ ಎದ್ದಿದ್ದಾಗ ವೇಗ ಕುಗ್ಗಿದರೂ ತುದಿಗಳು ಕೊನೆಯವರೆಗೆ ಗಾಳಿಯನ್ನು ಬಿಡುವುದಿಲ್ಲ, ವಿಮಾನ ಒಂದು ಬದಿಗೆ ಕವಚಿ ಬೀಳುವುದಿಲ್ಲ. ಒಟ್ಟು ತೂಕವನ್ನೂ ಕೇಳಿರಿ. ರೆಕ್ಕೆಯ ಪ್ರತಿ ಚದರ ಡೆಸಿಮೀಟರಿಗೆ 30 ಗ್ರಾಂ ಬಿದ್ದರೆ ವಿಮಾನವು ಗಂಟೆಗೆ ಸುಮಾರು 25 ಕಿಲೋಮೀಟರು ವೇಗದಲ್ಲಿಯೂ ಹಾರಬಲ್ಲುದು. ತೂಕ ಇಮ್ಮಡಿಯಾದರೆ ಆ ಕನಿಷ್ಠ ವೇಗ ಶೇಕಡಾ 40ರಷ್ಟು ಏರುತ್ತದೆ, ಹಳೆಯ ನಕ್ಷೆಯ ಗಾಂಭೀರ್ಯ ಅಲ್ಲಿಗೆ ಮುಗಿಯಿತು. ಗಟ್ಟಿಯಾಗಲೆಂದು ಎಲ್ಲೆಡೆ ಹಲಗೆ ಸೇರಿಸಿದ ವಿಮಾನವನ್ನು ಬಲಿಷ್ಠವೆಂದು ಹೊಗಳುವುದು ನನಗೆ ಒಪ್ಪಿಗೆಯಲ್ಲ.

ಹೊದಿಕೆಯ ಕೆಲಸಕ್ಕೆ ನಮ್ಮ ಕರಾವಳಿಯಲ್ಲಿ ಋತುವನ್ನು ನೋಡಬೇಕು. ವರುಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ನಾಡಿದು. ಆಸಾಡಿಯ ತಂಪಿನಲ್ಲಿ ಟಿಶ್ಯೂ ಕಾಗದ ಸಡಿಲಾಗಿ ಜೋಲುತ್ತದೆ, ಅದರ ಮೇಲೆ ಬಳಿಯುವ ಡೋಪ್ ಎಂಬ ಮೆರುಗೆಣ್ಣೆಯು ಆರುವಾಗ ಗಾಳಿಯ ತೇವವನ್ನು ಹೀರಿ ಬೆಳ್ಳಗೆ ಮಂಜುಗಟ್ಟುತ್ತದೆ. ಮಳೆಗಾಲದಲ್ಲಿ ಕತ್ತರಿಸಿ ಅಂಟಿಸಿ, ಮಾಗಿಯ ಒಣ ದಿನಗಳಲ್ಲಿ ಹೊದಿಸುವವನೇ ಜಾಣ. ದೊಡ್ಡ ಮಾದರಿಗಳಿಗೆ ಆ ಕಾಲದಲ್ಲಿ ರೇಷ್ಮೆಯನ್ನು ಹೊದಿಸುತ್ತಿದ್ದರು. ರೇಷ್ಮೆಯ ನಾಡಾದ ಕರ್ನಾಟಕದಲ್ಲಿ ಕುಳಿತು ಪ್ಲಾಸ್ಟಿಕ್ ಪೊರೆಯನ್ನು ಇಸ್ತ್ರಿ ಹಾಕಿ ಅಂಟಿಸುವವರನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ. ತೆಳು ರೇಷ್ಮೆಯ ಮೂಲಕ ಬೆಳಕು ಹಾಯ್ದು ಒಳಗಿನ ರಿಬ್ಬುಗಳು ಒಂದೊಂದಾಗಿ ಕಾಣಬೇಕು. ಆ ವಿಮಾನ ತಲೆಯ ಮೇಲೆ ಹಾಯುವಾಗ ಕಟ್ಟಿದವನ ಆರು ತಿಂಗಳ ಶ್ರಮವನ್ನೆಲ್ಲ ನೆಲದಿಂದಲೇ ಓದಬಹುದು.

ರೇಡಿಯೋ ಸೇರಿಸುವಲ್ಲಿ ಸಂಯಮವೇ ಪ್ರಧಾನ. ಇಂದಿನ 2.4 ಗಿಗಾಹರ್ಟ್ಜ್ ರಿಸೀವರು ಕೆಲವೇ ಗ್ರಾಂ ತೂಗುತ್ತದೆ, ಚುಕ್ಕಾಣಿಯನ್ನು ತಿರುಗಿಸುವ ಸರ್ವೋ ಎಂಬ ಪುಟ್ಟ ಮೋಟಾರುಗಳೂ ಹಾಗೆಯೇ. ಗುಡ್ ಸೋದರರು ಇಡೀ ಒಡಲಲ್ಲಿ ತುಂಬಿದ ಸಾಮಗ್ರಿ ಇಂದು ಅಂಗೈಯಲ್ಲಿ ಅಡಗುತ್ತದೆ. ಈ ಸೌಕರ್ಯ ಸಿಕ್ಕಿತೆಂದು ರೆಕ್ಕೆಯನ್ನು ಸಮತಲವಾಗಿಸಿ, ತುದಿಗೆ ವಿಮಾನವನ್ನು ವಾಲಿಸುವ ಎಯ್ಲರಾನುಗಳನ್ನು ಕತ್ತರಿಸಿ ಸೇರಿಸಿದರೆ ಹೆಸರು ಮಾತ್ರ ಹಳೆಯದಾಗಿ ಉಳಿಯುತ್ತದೆ. ಚುಕ್ಕಾಣಿ, ಬಾಲದ ಎಲಿವೇಟರು, ಮೋಟಾರಿನ ವೇಗ, ಈ ಮೂರನ್ನು ಆಳಿದರೆ ಸಾಕು. ಹಳೆಯ ಡೀಸೆಲ್ ಇಂಜಿನಿನ ಈಥರ್ ಮತ್ತು ಹರಳೆಣ್ಣೆಯ ವಾಸನೆ ನನಗೆ ಪ್ರಿಯವಾದರೂ, ವಿದ್ಯುತ್ ಮೋಟಾರನ್ನು ನಾನು ನಿರಾಕರಿಸೆನು; ಇಂಜಿನು ತೂಗುತ್ತಿದ್ದಷ್ಟನ್ನು ಬ್ಯಾಟರಿಯು ಮೂಗಿನಲ್ಲಿ ತೂಗುತ್ತದೆ, ಮೂಗಿನ ಆಕಾರ ಕೆಡದಿದ್ದರೆ ಸರಿ. ಹಳೆಯ ಮಾದರಿಗಳ ಸಂಘಗಳು 1942ರ ಕೊನೆಯೊಳಗೆ ರಚಿತವಾದ ನಕ್ಷೆಗಳಿಗಾಗಿ ಪ್ರತ್ಯೇಕ ಸ್ಪರ್ಧೆಗಳನ್ನು ನಡೆಸುವಾಗಲೂ ರೂಪರೇಖೆಯನ್ನು ಬದಲಿಸಕೂಡದೆಂಬುದೇ ಮುಖ್ಯ ನಿಯಮ.

ಹಾರಿಸುವ ಸ್ಥಳದ ಬಗೆಗೆ ಎರಡು ಮಾತು. ತ್ರಾಸಿ ಮರವಂತೆಯ ಕಡಲತೀರ ಚಿತ್ರಕ್ಕೆ ಸುಂದರ, ಹಾರಾಟಕ್ಕೆ ಅಯೋಗ್ಯ: ಒಂದು ಕಡೆ ಕಡಲು, ಒಂದು ಕಡೆ ರಾಷ್ಟ್ರೀಯ ಹೆದ್ದಾರಿ 66, ಅದರಾಚೆ ಸೌಪರ್ಣಿಕೆ, ನಡುವೆ ಪ್ರವಾಸಿಗರು. ಒಡೆಯನ ಅನುಮತಿಯಿದ್ದರೆ ಬ್ರಹ್ಮಾವರದ ಕಡೆಯ ಖಾಲಿ ಗದ್ದೆಬಯಲು ಅಥವಾ ಬೈಂದೂರಿನ ಕಡೆಯ ಮುರಕಲ್ಲಿನ ಹಕ್ಕಲು ಮೇಲು. ಉದ್ದು ಹೆಸರು ಬಿತ್ತಿದ ಗದ್ದೆಗೆ ಕಾಲಿಡಕೂಡದು. ಹೊತ್ತು ಮೂಡುವ ವೇಳೆಗೆ ಮೂಡಣದಿಂದ ನೆಲಗಾಳಿ ಮೆಲ್ಲಗೆ ಬೀಸುತ್ತದೆ, ಅದು ನಿಂತ ಮೇಲೆ ಕೆಲಹೊತ್ತು ಗಾಳಿ ಸ್ತಬ್ಧವಾಗಿರುತ್ತದೆ, ನಡುಹಗಲಿನ ಹೊತ್ತಿಗೆ ಪಡುವಣದ ಕಡಲಗಾಳಿ ಬಲವಾಗುತ್ತದೆ; ಗಂಟೆಗೆ 25 ಕಿಲೋಮೀಟರಿನ ವಿಮಾನಕ್ಕೆ ಮೊದಲೆರಡು ಹೊತ್ತುಗಳೇ ಸಲ್ಲುವುವು. 2021ರ ಡ್ರೋನ್ ನಿಯಮಗಳ ಪ್ರಕಾರ ಕಣ್ಣಿಗೆ ಕಾಣುವಷ್ಟು ದೂರದಲ್ಲಿಯೇ ಹಾರಿಸಬೇಕು. ಡಿಜಿಟಲ್ ಸ್ಕೈ ನಕಾಶೆಯಲ್ಲಿ ಸ್ಥಳವು ಹಸುರು ವಲಯದಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು, ಅಲ್ಲಿಯೂ 400 ಅಡಿಗಿಂತ ಮೇಲೇರಿಸಕೂಡದು. ಕಣ್ಣನ್ನು ಪಳಗಿಸಬೇಕೆನ್ನುವವನು ಒತ್ತಿನೆಣೆಯ ಗುಡ್ಡದ ಅಂಚಿನಲ್ಲಿ ಸಂಜೆಗೆ ನಿಲ್ಲಲಿ. ಕಡಲಗಾಳಿಯು ಇಳಿಜಾರಿಗೆ ಎರಗಿ ಮೇಲೇರುವಲ್ಲಿ ಗರುಡಗಳು ರೆಕ್ಕೆಯನ್ನು ಬಡಿಯದೆ ಹೇಗೆ ನಿಲ್ಲುತ್ತವೆ, ತುದಿಯನ್ನು ಮಾತ್ರ ಹೇಗೆ ತಿರುಚುತ್ತವೆ ಎಂಬುದನ್ನು ನೋಡಿ ಬಂದವನಿಗೆ ಮೈದಾನದಲ್ಲಿ ಹೆಚ್ಚು ಹೇಳಬೇಕಾಗುವುದಿಲ್ಲ.

ಮೊದಲು ನೋಡಲೂ ಮೊದಲು ಕಟ್ಟಲೂ ನಾನು ಹೇಳುವ ನಕ್ಷೆಗಳು ಎರಡು. ಆಲ್ಬರ್ಟ್ ಹ್ಯಾಟ್‌ಫುಲ್ 1946ರಲ್ಲಿ ಕೀಲ್‌ಕ್ರಾಫ್ಟ್ ಸಂಸ್ಥೆಗಾಗಿ ರಚಿಸಿದ ಅರುವತ್ತು ಅಂಗುಲದ ‘ಜೂನಿಯರ್ 60’ ಒಂದು; ವಿಕ್ ಸ್ಮೀಡ್ 1950ರಲ್ಲಿ ರಚಿಸಿದ ಪುಟ್ಟ ‘ಟಾಮ್‌ಬಾಯ್’ ಇನ್ನೊಂದು. ಕಣ್ಣು ಪಳಗಿದ ಮೇಲೆ ಲಾಂಜೊನ 1938ರ ‘ಬಾಂಬರ್’ ಎಂಬ ಎಂಟಡಿಯ ದೀರ್ಘವೃತ್ತದ ರೆಕ್ಕೆಯನ್ನು ನೋಡಬೇಕು. ಅದರ ಒಂದೊಂದು ರಿಬ್ಬಿನ ಅಳತೆಯೂ ಬೇರೆ, ಅದನ್ನು ಕಟ್ಟಿ ಮುಗಿಸಿದವನಿಗೆ ನಾನು ತಲೆಬಾಗುತ್ತೇನೆ.

ಮೈದಾನದಲ್ಲಿ ಮೊದಲು ಗಮನಿಸತಕ್ಕುದು ರೆಕ್ಕೆಯನ್ನು ಒಡಲಿಗೆ ಬಿಗಿದಿರುವ ರಬ್ಬರ್ ಬ್ಯಾಂಡುಗಳನ್ನು. ರೆಕ್ಕೆಯು ನೆಲಕ್ಕೆ ತಗಲಿದರೆ ಮುರಿಯದೆ ಕಳಚಿಕೊಳ್ಳಲೆಂದು ಹಳಬರು ಮಾಡಿದ ಏರ್ಪಾಡು ಅದು. ಮೋಟಾರು ಓಡುವಾಗ ವಿಮಾನವು ಕಡಿದಾಗಿ ಮೇಲಕ್ಕೆ ಧಾವಿಸಿದರೆ ಹಾರಿಸುವವನು ಬಲವನ್ನು ತಗ್ಗಿಸಬೇಕು. ಅರ್ಧ ಬಲದಲ್ಲಿ ವಿಶಾಲವಾದ ಸುತ್ತಿನಲ್ಲಿ ಏರುವುದೇ ಅದರ ಘನತೆಗೆ ತಕ್ಕುದು. ಸಾಕಷ್ಟು ಎತ್ತರವಾದ ಮೇಲೆ, ಮೋಟಾರನ್ನು ನಿಲ್ಲಿಸಿ ಕೋಲುಗಳಿಂದ ಬೆರಳನ್ನು ತೆಗೆಯುವಂತೆ ಹಾರಿಸುವವನನ್ನು ಕೇಳಿಕೊಳ್ಳಿರಿ. ಸರಿಯಾಗಿ ಕಟ್ಟಿದ ವಿಮಾನವಾದರೆ ಮೂಗು ತುಸು ತಗ್ಗಿ, ಒಂದು ಬಾರಿ ಮೆಲ್ಲಗೆ ಎದ್ದು, ಅನಂತರ ಒಂದೇ ಇಳಿಜಾರಿನಲ್ಲಿ ನೆಲೆಗೊಳ್ಳುತ್ತದೆ. ಗಾಳಿಯ ಏಟಿಗೆ ರೆಕ್ಕೆ ವಾಲಿದರೂ ತಾನೇ ಮರಳುತ್ತದೆ. ಏಳುವುದೂ ಬೀಳುವುದೂ ನಿಲ್ಲದೆ ಹೆಚ್ಚುತ್ತ ಹೋದರೆ ಬಾಲದ ಕೋನವನ್ನೂ ಗುರುತ್ವಕೇಂದ್ರವನ್ನೂ ಮತ್ತೊಮ್ಮೆ ನಕ್ಷೆಯೊಡನೆ ಹೋಲಿಸಬೇಕು. ಸದಾ ಒಂದೇ ಬದಿಗೆ ಬಿಗಿಯಾಗಿ ತಿರುಗಿದರೆ ಯಾವುದೋ ರೆಕ್ಕೆ ತಿರುಚಿಕೊಂಡಿದೆ, ಬಿಸಿಲಿನಲ್ಲಿ ಇಟ್ಟ ಕಾರಿನೊಳಗೆ ಅದು ಸಂಭವಿಸಿರಬಹುದು, ಇಳಿಸಿದೊಡನೆ ಹಿಂದಿನ ಅಂಚಿನಿಂದ ಕಣ್ಣು ಹಾಯಿಸಿದರೆ ಯಾವುದೆಂಬುದು ಗೊತ್ತಾಗುತ್ತದೆ. ಇಳಿಯುವಾಗ ಅದು ಎದುರುಗಾಳಿಯಲ್ಲಿ ಓಡುವ ಮನುಷ್ಯನ ವೇಗಕ್ಕೆ ಬಂದು, ಚಕ್ರಗಳು ಹುಲ್ಲನ್ನು ಮುಟ್ಟಿದ ಮೇಲೆ ಹತ್ತು ಮಾರಿನೊಳಗೆ ನಿಲ್ಲಬೇಕು.